ಎಲ್ಕ್ ಕಡಿಮೆಯಾದರೆ ತೋಳ ಹೊಡೆಯುವುದೊಂದೇ ದಾರಿಯಾ?

ಕಾಡಂಚು
ಅಮೆರಿಕದ ಐಡಾಹೊ, ಮೊಂಟಾನಾ, ವಯೋಮಿಂಗ್ ರಾಜ್ಯಗಳಲ್ಲಿ ತೋಳ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ. ಬೇಟೆಗಾರರು ಮುಂದಿಡುವ ದೊಡ್ಡ ಕಾರಣ ಒಂದೇ. ತೋಳ ಬಂದ ಮೇಲೆ ಎಲ್ಕ್ ಸಿಗುತ್ತಿಲ್ಲ. ಎಲ್ಕ್ ಅಂದರೆ ಕಡವೆಗಿಂತ ದೊಡ್ಡ ಜಿಂಕೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ವರ್ಷದ ಮಾಂಸ ಅದೇ. ಹಾಗಾಗಿ ಅವರ ಸಿಟ್ಟನ್ನು ಶೋಕಿ ಅಂತ ತಳ್ಳಿಹಾಕುವುದು ಸರಿಯಲ್ಲ.

ತೋಳ ಬೇಟೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ಕಣಿವೆಯಲ್ಲಿ ಎಲ್ಕ್ ಕಡಿಮೆಯಾದರೆ, ಆ ಕಣಿವೆಯಲ್ಲಿ ಏನಾಯಿತು ಅಂತ ಮೊದಲು ನೋಡಿ ಅನ್ನುತ್ತೇನೆ. ಯಾರು ಕೊಂದರು, ಯಾವ ವಯಸ್ಸಿನದನ್ನು ಕೊಂದರು, ಮೇವು ಹೇಗಿತ್ತು. ಇದನ್ನೆಲ್ಲ ಬಿಟ್ಟು ಇಡೀ ರಾಜ್ಯಕ್ಕೆ ಒಂದೇ ಆದೇಶ ಹೊರಡಿಸಿ ತೋಳ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನೇ ತೆಗೆದುಕೊಳ್ಳಿ. ಅಲ್ಲಿನ ಕೊನೆಯ ತೋಳಗಳನ್ನು ಕೊಂದದ್ದು 1926ರಲ್ಲಿ. 1995ರಲ್ಲಿ ಕೆನಡಾದ ಆಲ್ಬರ್ಟಾದಿಂದ 14 ತೋಳ ತಂದು ಬಿಟ್ಟರು, ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17. ಆಗ ಉದ್ಯಾನದ ಉತ್ತರ ಭಾಗದ ಹಿಂಡಿನಲ್ಲಿ ಸುಮಾರು 19,000 ಎಲ್ಕ್ ಇದ್ದವು. 2013ರ ಎಣಿಕೆಯಲ್ಲಿ 4,000ಕ್ಕೂ ಕಡಿಮೆ. ಈ ಎರಡು ಅಂಕಿ ಪಕ್ಕ ಪಕ್ಕ ಇಟ್ಟರೆ ಯಾರಾದರೂ ತೋಳದ ಕಡೆಗೇ ಬೆರಳು ತೋರಿಸುತ್ತಾರೆ.

ಆದರೆ ನಡುವೆ ನಡೆದದ್ದು ಬೇಕಾದಷ್ಟಿದೆ. 1996-97ರ ಚಳಿಗಾಲ ಭೀಕರವಾಗಿತ್ತು. ಮುಂದೆ ಕೆಲವು ವರ್ಷ ಬರ. ಗ್ರಿಜ್ಲಿ ಕರಡಿಗಳು ಹೆಚ್ಚಾದವು, ಚಿರತೆಯಂಥ ದೊಡ್ಡ ಬೆಕ್ಕಾದ ಕೂಗರ್‌ಗಳೂ ಹೆಚ್ಚಾದವು. ಇದರ ಜೊತೆಗೆ, ಹಿಮದಿಂದ ತಪ್ಪಿಸಿಕೊಳ್ಳಲು ಉದ್ಯಾನ ದಾಟಿ ಬರುವ ಹೆಣ್ಣು ಎಲ್ಕ್‌ಗಳನ್ನು ಹೊಡೆಯಲು ಗಾರ್ಡಿನರ್ ಊರಿನ ಸುತ್ತ ಮೊಂಟಾನಾ ಸರ್ಕಾರವೇ ಪ್ರತಿ ವರ್ಷ ಪರ್ಮಿಟ್ ಕೊಡುತ್ತಿತ್ತು. ಒಂದೊಂದು ವರ್ಷ ಸಾವಿರಕ್ಕೂ ಜಾಸ್ತಿ.

ಆ ಬೇಟೆಯಲ್ಲಿ ಸತ್ತ ಹೆಣ್ಣುಗಳ ವಯಸ್ಸು ಸರಾಸರಿ ಆರೂವರೆ ವರ್ಷ. ಅದೇ ಕಾಲದಲ್ಲಿ ತೋಳ ಕೊಂದ ಹೆಣ್ಣುಗಳದ್ದು ಹೆಚ್ಚುಕಡಿಮೆ 14 ವರ್ಷ. ಆರು ವರ್ಷದ ಹೆಣ್ಣು ಎಲ್ಕ್ ಇನ್ನೂ ಎಷ್ಟೋ ಮರಿ ಹಾಕಬೇಕಿತ್ತು. ಹದಿನಾಲ್ಕರದ್ದು ಮರಿ ಹಾಕುವ ಕಾಲ ಬಹುಪಾಲು ಮುಗಿಸಿರುತ್ತದೆ. ಸತ್ತವುಗಳ ಲೆಕ್ಕ ಒಂದೇ ಇದ್ದರೂ ಹಿಂಡಿಗೆ ಬಿದ್ದ ಪೆಟ್ಟು ಒಂದೇ ಅಲ್ಲ.

ಬಾಯ್ಸಿವಾಸಿ
ಸರ್, ಯೆಲ್ಲೋಸ್ಟೋನ್ ಕಥೆ ಬೇಡ. ಅದು ಉದ್ಯಾನ, ಒಳಗೆ ಬೇಟೆಯೇ ಇಲ್ಲ. ನಾನಿರುವುದು ಐಡಾಹೊದಲ್ಲಿ. ಪ್ರತಿ ಶರತ್ಕಾಲ ಇಲ್ಲಿನ ಗೆಳೆಯರ ಜೊತೆ ಎಲ್ಕ್ ಬೇಟೆಗೆ ಹೋಗುತ್ತೇನೆ. ಇಲ್ಲಿನ ಲೋಲೋ ಬೇಟೆ ವಲಯದ ಬಗ್ಗೆ ಹೇಳಿ. 1989ರಲ್ಲಿ ಅಲ್ಲಿ 16,000 ಎಲ್ಕ್ ಇದ್ದವು, 2010ಕ್ಕೆ ಸುಮಾರು 2,000. ಮೂರು ತಲೆಮಾರಿನಿಂದ ಅದೇ ಜಾಗದಲ್ಲಿ ಟೆಂಟ್ ಹಾಕುತ್ತಿದ್ದ ಮನೆಗಳು ಈಗ ಅಲ್ಲಿಗೆ ಹೋಗುವುದನ್ನೇ ಬಿಟ್ಟಿವೆ.

ಎಣಿಕೆ ಒಂದೇ ಅಲ್ಲ, ಎಲ್ಕ್‌ಗಳ ನಡೆಯೂ ಬದಲಾಗಿದೆ. ಸೆಪ್ಟೆಂಬರ್‌ನಲ್ಲಿ ಗಂಡು ಎಲ್ಕ್ ಬೆಳಗಿನ ಜಾವ ಕೂಗಬೇಕು. ಮೊದಲು ಸಣ್ಣ ಗೊರಕೆಯಂಥ ಸದ್ದು, ಆಮೇಲೆ ಉದ್ದಕ್ಕೆ ಏರುವ ಸಿಳ್ಳೆ, ಕೊನೆಗೆ ನಾಲ್ಕೈದು ಗದ್ದರಿಕೆ. ಬಿಲ್ಲುಬೇಟೆಯವರಿಗೆ ಆ ಕೂಗೇ ಆಧಾರ. ತೋಳ ಓಡಾಡುವ ಕಣಿವೆಗಳಲ್ಲಿ ಅವು ಬಾಯಿ ಬಿಡುವುದೇ ಕಡಿಮೆ. ಬಯಲಿಗೆ ಇಳಿಯದೆ ಕಡಿದಾದ ಇಳಿಜಾರಿನ ದಟ್ಟ ಮರಗಳಲ್ಲೇ ಉಳಿಯುತ್ತವೆ. ಹೊಸ ಹಿಮ ಬಿದ್ದ ಮಾರನೇ ದಿನ ದಾರಿಗೆ ಅಡ್ಡವಾಗಿ ತೋಳದ ಹೆಜ್ಜೆ ಕಾಣುತ್ತದೆ, ನನ್ನ ಅಂಗೈಯಷ್ಟು ದೊಡ್ಡದು. ಎಲ್ಕ್‌ನದ್ದು ಒಂದೂ ಇರುವುದಿಲ್ಲ. ಅಂಥ ಬೆಳಗಿನಲ್ಲಿ ಅಂಕಿಅಂಶ ಹೇಳಿದರೆ ಯಾರು ಕೇಳುತ್ತಾರೆ ಹೇಳಿ?

ಲೆಕ್ಕದಮೇಷ್ಟ್ರು
ಲೋಲೋ ಬಗ್ಗೆ ಎರಡು ಮಾತು. 1910ರ ಆಗಸ್ಟ್‌ನಲ್ಲಿ ಆ ಭಾಗದಲ್ಲಿ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟಿತು. ಮುಂದಿನ ದಶಕಗಳಲ್ಲೂ ದೊಡ್ಡ ಬೆಂಕಿಗಳಾದವು. ಸುಟ್ಟ ಜಾಗದಲ್ಲಿ ಪೊದೆ, ಹುಲ್ಲು, ಎಳೆ ಚಿಗುರು ಬಂತು. ಎಲ್ಕ್‌ಗೆ ಬೇಕಾದದ್ದೇ ಅದು. ನೀವು ಹೇಳುವ 16,000 ಆ ಮೇವಿನ ಮೇಲೆ ಬೆಳೆದ ಹಿಂಡು. ಆಮೇಲೆ ಬೆಂಕಿ ಬಿದ್ದಲ್ಲೆಲ್ಲ ಆರಿಸುವ ಪದ್ಧತಿ ಬಂತು. ಪೊದೆ ಹೋಗಿ ಮರ ಮುಚ್ಚಿಕೊಂಡಿತು, ನೆಲಕ್ಕೆ ಬಿಸಿಲು ಬೀಳದೆ ಮೇವು ಕಡಿಮೆಯಾಯಿತು. ಎಲ್ಕ್ ಇಳಿಯತೊಡಗಿದ್ದು ತೋಳ ಬರುವ ಮೊದಲೇ. 1996-97ರ ಚಳಿಗಾಲ ಅಲ್ಲೂ ಬಹಳಷ್ಟನ್ನು ಕೊಂದಿತು.

ಹಾಗಂತ ತೋಳದ್ದು ಏನೂ ಪಾತ್ರವಿಲ್ಲ ಅನ್ನುವುದೂ ತಪ್ಪು. ಹಿಂಡು ಒಮ್ಮೆ ತೀರಾ ಸಣ್ಣದಾದರೆ ತೋಳ, ಕರಡಿ, ಕೂಗರ್ ಸೇರಿ ಅದನ್ನು ಮೇಲೇಳಲು ಬಿಡುವುದಿಲ್ಲ. ಹುಟ್ಟಿದ ಮರಿಗಳಲ್ಲಿ ವರ್ಷ ದಾಟುವವು ಬೆರಳೆಣಿಕೆ. ಲೋಲೋದಲ್ಲಿ ತೋಳ ಕಡಿಮೆ ಮಾಡುವುದಕ್ಕೆ ಅರ್ಥವಿದೆ ಅಂತಲೇ ನನ್ನ ಅಭಿಪ್ರಾಯ. 2014ರ ಫೆಬ್ರವರಿಯಲ್ಲಿ ಹೆಲಿಕಾಪ್ಟರಿನಿಂದ 23 ತೋಳಗಳನ್ನು ಅಲ್ಲಿ ಹೊಡೆದರು. ಹಳೆಯ ಎಣಿಕೆಯ ಹತ್ತಿರಕ್ಕೂ ಎಲ್ಕ್ ಬರಲಿಲ್ಲ. ಮೇವು ಹಾಗೇ ಇದ್ದರೆ ಹೇಗೆ ಬರಬೇಕು?

ಹೆಜ್ಜೆಗುರುತು
ಕಾಡಂಚು ಅವರು ಹೇಳಿದ "ಯಾರು ಕೊಂದರು" ಅನ್ನುವುದನ್ನು ಕಂಡುಹಿಡಿಯುವ ವಿಧಾನವೇ ಬೇರೆ ಲೋಕ. ಅದರ ಬಗ್ಗೆ ಸ್ವಲ್ಪ ಬರೆಯುತ್ತೇನೆ.

ಮೇ ಕೊನೆ, ಜೂನ್ ಮೊದಲಲ್ಲಿ ಎಲ್ಕ್ ಮರಿ ಹಾಕುತ್ತದೆ. ಮರಿ ಮೊದಲ ಕೆಲವು ದಿನ ಓಡುವುದಿಲ್ಲ, ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ಆಗಲೇ ಹುಡುಕಿ ಕಿವಿಗೋ ಕುತ್ತಿಗೆಗೋ ಸಣ್ಣ ರೇಡಿಯೋ ಕಟ್ಟುತ್ತಾರೆ. ಮರಿ ಕೆಲವು ಗಂಟೆ ಅಲುಗಾಡದಿದ್ದರೆ ಬೀಪ್ ವೇಗ ಬದಲಾಗುತ್ತದೆ. ತಕ್ಷಣ ಹೊರಡಬೇಕು. ತಡವಾದರೆ ನರಿ, ಕಾಗೆ, ಹದ್ದು ಸೇರಿ ಗುರುತೆಲ್ಲ ಅಳಿಸುತ್ತವೆ.

ಸ್ಥಳ ನೋಡಿದರೆ ಕೊಂದವರು ಯಾರು ಅಂತ ಬಹಳ ಸಲ ತಿಳಿಯುತ್ತದೆ. ಕೂಗರ್ ತನ್ನ ಬೇಟೆಯನ್ನು ಎಳೆದುಕೊಂಡು ಹೋಗಿ ಎಲೆ, ಕಸ, ಮಣ್ಣು ಎಳೆದು ಮುಚ್ಚುತ್ತದೆ. ಕುತ್ತಿಗೆಯಲ್ಲೋ ತಲೆಬುರುಡೆಯಲ್ಲೋ ಕೋರೆಹಲ್ಲಿನ ತೂತು ಇರುತ್ತದೆ. ಕರಡಿ ತಿಂದರೆ ಚರ್ಮ ಒಳಮಗ್ಗುಲು ಹೊರಗೆ ತಿರುಗಿ ಸುಲಿದಿರುತ್ತದೆ. ತೋಳ ತಿಂದ ಕಡೆ ಮೂಳೆ, ಕೂದಲು ಸುತ್ತಲೂ ಚೆಲ್ಲಾಡಿರುತ್ತದೆ. ಚರ್ಮ ಸುಲಿದು, ಕಡಿತದ ಗುರುತಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆಯಾ ಅಂತಲೂ ನೋಡುತ್ತಾರೆ. ಹೆಪ್ಪುಗಟ್ಟಿದ್ದರೆ ಬದುಕಿದ್ದಾಗ ಬಿದ್ದ ಕಡಿತ. ಇಲ್ಲದಿದ್ದರೆ ಸತ್ತ ಮೇಲೆ ಬಂದು ತಿಂದದ್ದು.

ಈಗ ಇದರಿಂದ ಗೊತ್ತಾದದ್ದು ಕೇಳಿ. ಯೆಲ್ಲೋಸ್ಟೋನ್‌ನಲ್ಲಿ 2003ರಿಂದ 2005ರವರೆಗೆ ಮರಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸಾವಿನ ಅರ್ಧಕ್ಕಿಂತ ಹೆಚ್ಚು ಪಾಲು ಕರಡಿಗಳದ್ದು. ತೋಳದ ಪಾಲು ಅದಕ್ಕಿಂತ ತುಂಬಾ ಕಡಿಮೆ. ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿ ಬೇಟೆಗಾರರು ಎಲ್ಲಕ್ಕೂ ತೋಳವೇ ಕಾರಣ ಅನ್ನುತ್ತಿದ್ದರು. 2011ರಲ್ಲಿ ಅಲ್ಲೂ ಮರಿಗಳಿಗೆ ರೇಡಿಯೋ ಕಟ್ಟಿ ನೋಡಲು ಶುರು ಮಾಡಿದರು. ಮೊದಲ ಸ್ಥಾನ ಬಂದದ್ದು ಕೂಗರ್‌ಗೆ. ಆಮೇಲೆ ಅಲ್ಲಿ ಕೂಗರ್ ಬೇಟೆಯ ಕೋಟಾ ಹೆಚ್ಚಿಸಿದರು. ಅಧ್ಯಯನ ಮಾಡದೆ ಬರೀ ತೋಳ ಹೊಡೆದಿದ್ದರೆ ಮರಿಗಳು ಸಾಯುತ್ತಲೇ ಇರುತ್ತಿದ್ದವು, ಅಲ್ವಾ?

ಮಲೆನಾಡ ಹುಡುಗಿ
ತೋಳ ಮುದಿ, ರೋಗದ ಪ್ರಾಣಿಯನ್ನೇ ಹಿಡಿಯುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಅದು ನಿಜವಾ? ಗೊತ್ತಾಗುವುದು ಹೇಗೆ?

ಕಾಡಂಚು
ಪೂರ್ತಿ ನಿಜವಲ್ಲ ಮೇಡಂ, ಬಹುಪಾಲು ನಿಜ. ತೋಳಗಳು ಎಲ್ಕ್‌ಗಳನ್ನು ಬೆನ್ನಟ್ಟಿದ ಐದು ಸಲದಲ್ಲಿ ನಾಲ್ಕು ಸಲ ಏನೂ ಸಿಗುವುದಿಲ್ಲ. 300 ಕೆಜಿ ತೂಗುವ ಗಂಡು ಎಲ್ಕ್ ಒದ್ದರೆ ತೋಳದ ಪಕ್ಕೆ ಮುರಿಯುತ್ತದೆ. ಹಾಗಾಗಿ ಓಡುವಾಗ ಹಿಂದೆ ಬೀಳುವುದನ್ನು, ಕುಂಟುವುದನ್ನು, ಮರಿಯನ್ನು ಆರಿಸಿಕೊಳ್ಳುತ್ತವೆ. ಚಳಿಗಾಲದ ಕೊನೆಯಲ್ಲಿ ದೊಡ್ಡ ಗಂಡುಗಳೂ ಸಾಯುತ್ತವೆ. ಬೆದೆಯ ಕಾಲದಲ್ಲಿ ತಿನ್ನದೆ ಕಾದಾಡಿ ಸೊರಗಿರುತ್ತವೆ, ಅದೇ ಕಾರಣ.

ತೋಳ ಕೊಂದ ಎಲ್ಕ್ ಸಿಕ್ಕರೆ ಸಂಶೋಧಕರು ತೊಡೆಮೂಳೆ ಒಡೆದು ಒಳಗಿನ ಮಜ್ಜೆ ನೋಡುತ್ತಾರೆ. ಗಟ್ಟಿಮುಟ್ಟಾಗಿದ್ದ ಪ್ರಾಣಿಯದ್ದು ಬೆಳ್ಳಗೆ, ಮೇಣದ ಹಾಗೆ ಗಟ್ಟಿ. ಹಸಿದು ಬಳಲಿದ್ದರೆ ಕೆಂಪಗೆ, ಲೋಳೆ ಲೋಳೆ. ಮೈಯ ಬೇರೆ ಕೊಬ್ಬೆಲ್ಲ ಕರಗಿದ ಮೇಲೆ ಕೊನೆಗೆ ಕರಗುವುದು ಮಜ್ಜೆಯ ಕೊಬ್ಬು. ಅದೂ ಹೋಗಿದೆ ಅಂದರೆ ತೋಳ ಹಿಡಿಯದಿದ್ದರೂ ಆ ಎಲ್ಕ್ ವಸಂತ ಕಾಣುವುದು ಕಷ್ಟವಿತ್ತು. ಒಂದು ಹಲ್ಲನ್ನೂ ಕಿತ್ತು ಲ್ಯಾಬಿಗೆ ಕಳಿಸುತ್ತಾರೆ. ಬೇರಿನಲ್ಲಿ ವರ್ಷಕ್ಕೊಂದು ಪದರ ಕೂಡುತ್ತದೆ, ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ಆಗಲೇ ಹೇಳಿದ 14 ವರ್ಷದ ಲೆಕ್ಕ ಬಂದದ್ದು ಹೀಗೇ ಸತ್ತ ಪ್ರಾಣಿಗಳನ್ನು ನೋಡಿ.

ಬಾಯ್ಸಿವಾಸಿ
ಅಧ್ಯಯನ ಮಾಡಲಿ, ಬೇಡ ಅನ್ನುವವರು ಯಾರು? ಆದರೆ ಒಂದು ಅಧ್ಯಯನಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಹಿಂಡು ಇನ್ನೂ ಕುಸಿದರೆ?

ದುಡ್ಡಿನ ಮಾತೂ ಬರಬೇಕು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನ ಪ್ರಕಾರ ರೈಫಲ್, ಮದ್ದುಗುಂಡಿನ ಮೇಲೆ 11% ತೆರಿಗೆ ಹಾಕಿ ಅದನ್ನು ವನ್ಯಜೀವಿಗಳಿಗೆ ಖರ್ಚು ಮಾಡುತ್ತಾರೆ. ರಾಜ್ಯದ ವನ್ಯಜೀವಿ ಇಲಾಖೆ ನಡೆಯುವುದು ಬಹುಪಾಲು ಲೈಸೆನ್ಸ್, ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ ಚೀಟಿ) ದುಡ್ಡಿನಿಂದ. ನೂರು ವರ್ಷದ ಹಿಂದೆ ಬೆರಳೆಣಿಕೆಯಷ್ಟು ಕಡೆ ಉಳಿದಿದ್ದ ಎಲ್ಕ್ ಮತ್ತೆ ಬೆಳೆದದ್ದು ಬೇಟೆಗಾರರ ದುಡ್ಡು, ಬೇಟೆಗಾರರ ಸಂಯಮದಿಂದ. ಅವರು ಎಲ್ಕ್ ಬೇಕು ಅಂತ ಕೇಳಿದರೆ ಅದನ್ನು ಅತ್ಯಾಸೆ ಅನ್ನಬೇಡಿ.

ಇನ್ನೊಂದು. ತೋಳ ಮರಳಿ ತರುವಾಗ ಆದ ಒಪ್ಪಂದ ಏನು? ಮೂರು ರಾಜ್ಯ ಸೇರಿ ಮರಿ ಹಾಕುವ 30 ಜೋಡಿ, 300 ತೋಳ. ಆ ಗುರಿ ಎಂದೋ ದಾಟಿತ್ತು. ಆದರೂ ಕೋರ್ಟು ಕಚೇರಿ ಅಲೆದು, 2011ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಬಜೆಟ್ ಮಸೂದೆಯಲ್ಲಿ ಸೇರಿಸಿ ಐಡಾಹೊ, ಮೊಂಟಾನಾ ತೋಳಗಳನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ತೆಗೆಯಬೇಕಾಯಿತು. ಇಲ್ಲಿನ ಜನರಿಗೆ ಕೇಂದ್ರದ ಮಾತಿನ ಮೇಲೆ ನಂಬಿಕೆ ಹೋದದ್ದು ಸುಮ್ನೆ ಅಲ್ಲ.

ನೀಲಿಕಣಿವೆ
ಬಾಯ್ಸಿ ಅಣ್ಣ, ದುಡ್ಡು ಕೊಟ್ಟವರ ಮಾತು ನಡೆಯಬೇಕು ಅಂದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದ ಇನ್ನೊಂದು ರಾಜ್ಯ ವಿಸ್ಕಾನ್ಸಿನ್‌ನಲ್ಲಿ ನೋಡಿದ್ದೇವೆ. 2021ರ ಫೆಬ್ರವರಿ. ತೋಳ ಬೇಟೆಯ ಒಟ್ಟು ಕೋಟಾ 200. ಅದರಲ್ಲಿ 81 ಒಜಿಬ್ವೆ ಬುಡಕಟ್ಟಿನವರ ಪಾಲು, ಉಳಿದ 119 ಬೇರೆ ಬೇಟೆಗಾರರಿಗೆ. ನಾಯಿ ಬಿಟ್ಟು ಅಟ್ಟಿಸಲು ಅವಕಾಶ ಇತ್ತು. ಮೂರು ದಿನ ತುಂಬುವ ಮೊದಲೇ 218 ತೋಳ ಸತ್ತವು. 119 ಎಲ್ಲಿ, 218 ಎಲ್ಲಿ! ಒಜಿಬ್ವೆ ಜನ ತೋಳವನ್ನು ಒಡಹುಟ್ಟಿದವನು ಅಂತ ನಂಬುತ್ತಾರೆ. ತಮ್ಮ ಪಾಲನ್ನು ಅವರು ಹೊಡೆಯಲಿಲ್ಲ, ಉಳಿಸಲು ಇಟ್ಟುಕೊಂಡಿದ್ದರು. ಅದನ್ನೂ ಬೇರೆಯವರು ಹೊಡೆದುಬಿಟ್ಟರು. ಅದೂ ಫೆಬ್ರವರಿಯಲ್ಲಿ. ತೋಳಗಳು ಜೋಡಿಯಾಗುವ ಕಾಲ ಅದು.

ಇದನ್ನು ನಿರ್ವಹಣೆ ಅಂತ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬಾಯ್ಸಿವಾಸಿ
ವಿಸ್ಕಾನ್ಸಿನ್‌ನಲ್ಲಿ ಆದದ್ದನ್ನು ನಾನೂ ಒಪ್ಪುವುದಿಲ್ಲ ತಾಯಿ. ಕೋಟಾ ಮೀರಿದ ಬೇಟೆ ಕಳ್ಳಬೇಟೆಗೆ ಸಮ.

ಬಡಗಣಗಾಳಿ
ಕೆನಡಾದ ಕಥೆಯೂ ಇಲ್ಲಿ ಬರಬೇಕು. ಅಲ್ಲಿ ಪ್ರಶ್ನೆ ಬೇಟೆಗಾರರ ಮಾಂಸದ್ದಲ್ಲ, ಒಂದು ಪ್ರಾಣಿ ಉಳಿಯುತ್ತದಾ ಇಲ್ಲವಾ ಅನ್ನುವುದು. ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಟ್ಟದ ಕ್ಯಾರಿಬೂ (ಹಿಮಸಾರಂಗ) ಹಿಂಡುಗಳು ಒಂದೊಂದಾಗಿ ಅಳಿಯುತ್ತಿವೆ. 2015ರಿಂದ ಸರ್ಕಾರವೇ ಹೆಲಿಕಾಪ್ಟರಿನಿಂದ ತೋಳ ಹೊಡೆಸುತ್ತಿದೆ.

ಕ್ಯಾರಿಬೂ ಬದುಕುವುದು ಹಳೆಯ ಕಾಡಿನಲ್ಲಿ, ಮರಕ್ಕೆ ಜೋತುಬಿದ್ದ ಕಲ್ಲುಹೂ ತಿಂದು. ಅಲ್ಲಿ ಮರ ಕಡಿದರು. ಕಡಿದ ಜಾಗದಲ್ಲಿ ಚಿಗುರು ಬಂತು, ಚಿಗುರಿಗೆ ಮೂಸ್ ಅನ್ನುವ ಭಾರಿ ಜಿಂಕೆ, ಬೇರೆ ಜಿಂಕೆಗಳು ಬಂದವು, ಅವುಗಳ ಹಿಂದೆ ತೋಳ ಬಂತು. ಮೂಸ್‌ಗಾಗಿ ಬಂದ ತೋಳಕ್ಕೆ ದಾರಿಯಲ್ಲಿ ಕ್ಯಾರಿಬೂ ಸಿಕ್ಕಿತು. ತೈಲ ಹುಡುಕಲು ಕಾಡಿನಲ್ಲಿ ನೇರಕ್ಕೆ ಕೊರೆದ ಸಾಲುಗಳಿವೆ, ಮರ ಸಾಗಿಸುವ ರಸ್ತೆಗಳಿವೆ. ಆಳವಾದ ಹಿಮದಲ್ಲಿ ಒದ್ದಾಡಬೇಕಿದ್ದ ತೋಳ ಈಗ ಅವುಗಳ ಮೇಲೆ ಸಲೀಸಾಗಿ ಓಡುತ್ತದೆ.

ತೋಳ ಕಡಿಮೆ ಮಾಡಿದ ಕೆಲವು ಕಡೆ ಕ್ಯಾರಿಬೂ ಹೆಚ್ಚಿದ್ದು ನಿಜ. ಅದರ ಜೊತೆಗೆ ಗಬ್ಬದ ಹೆಣ್ಣುಗಳನ್ನು ಬೇಲಿಯೊಳಗೆ ಇಟ್ಟು ಸಾಕಿದ ಕಡೆ ಫಲ ಇನ್ನೂ ಚೆನ್ನಾಗಿದೆ. ಆದರೆ ಹೊಡೆಯುವುದನ್ನು ನಿಲ್ಲಿಸಿದರೆ ಕೆಲವೇ ವರ್ಷದಲ್ಲಿ ತೋಳ ವಾಪಸ್ ಬರುತ್ತದೆ. ಹಳೆಯ ಕಾಡು ಮತ್ತೆ ಬೆಳೆಯಲು ಒಂದು ಮನುಷ್ಯನ ಆಯುಷ್ಯ ಸಾಲದು. ಅಲ್ಲಿಯವರೆಗೂ ಗುಂಡು ಹಾರುತ್ತಿರಬೇಕು. ಕಾಡು ಕಡಿಯುವುದನ್ನೂ ಬಿಡದೆ ತೋಳವನ್ನೂ ಹೊಡೆಯುವುದು ನನಗೆ ಸಂಕಟ ತರುತ್ತದೆ. ಕ್ಯಾರಿಬೂ ಹೋಗಿಬಿಟ್ಟರೆ ಅದೂ ಸಂಕಟವೇ.

ಲೆಕ್ಕದಮೇಷ್ಟ್ರು
ಐಡಾಹೊದ ಈಚಿನ ಲೆಕ್ಕವನ್ನೂ ನೋಡಿ. 2021ರ ಕಾನೂನು ಒಬ್ಬರಿಗೆ ಎಷ್ಟು ತೋಳ ಟ್ಯಾಗ್ ಬೇಕಾದರೂ ಕೊಡಬಹುದು ಅಂದಿತು. ಖಾಸಗಿ ಜಮೀನಿನಲ್ಲಿ ವರ್ಷವಿಡೀ ಟ್ರ್ಯಾಪ್ ಇಡಬಹುದು ಅಂತಲೂ ಅಂದಿತು. ಇಷ್ಟೆಲ್ಲ ಆದಾಗ ರಾಜ್ಯದ ಎಲ್ಕ್ ಸ್ಥಿತಿ ಏನು? ಒಟ್ಟು ಸುಮಾರು 1,20,000. 2014ರಿಂದ ಈಚೆಗೆ ಹೆಚ್ಚಿನ ವರ್ಷಗಳಲ್ಲಿ ಬೇಟೆಗಾರರು 20,000ಕ್ಕೂ ಜಾಸ್ತಿ ಎಲ್ಕ್ ಹೊಡೆದಿದ್ದಾರೆ. ತೋಳಗಳು ಆಗ ಸುಮಾರು 1,500. ಲೋಲೋ ಬಡವಾಗಿದೆ, ರಾಜ್ಯ ಬಡವಾಗಿಲ್ಲ. ಲೋಲೋದ ನೋವು ತೋರಿಸಿ ಇಡೀ ರಾಜ್ಯಕ್ಕೆ ಕಾನೂನು ಮಾಡಿದರು.

ಮೊಂಟಾನಾದಲ್ಲಿ ಇನ್ನೂ ವಿಚಿತ್ರ. ಅಲ್ಲಿ ಎಷ್ಟೋ ಬೇಟೆ ವಲಯಗಳಲ್ಲಿ ಎಲ್ಕ್ ಇಲಾಖೆ ಹಾಕಿಕೊಂಡ ಗುರಿಗಿಂತ ಹೆಚ್ಚಿವೆ. ಆದರೆ ಅವು ದೊಡ್ಡ ಖಾಸಗಿ ರ‍್ಯಾಂಚುಗಳ ಒಳಗೆ. ಸಾಮಾನ್ಯ ಬೇಟೆಗಾರನಿಗೆ ಗೇಟು ತೆರೆಯುವುದಿಲ್ಲ. ಅವನು ಸರ್ಕಾರಿ ಕಾಡಿನಲ್ಲಿ ಅಲೆದು, ಖಾಲಿ ಕೈಯಲ್ಲಿ ಬಂದು, ತೋಳವನ್ನು ಬೈಯುತ್ತಾನೆ.

ಬಾಯ್ಸಿವಾಸಿ
ಖಾಸಗಿ ಜಮೀನಿನ ಮಾತು ನೂರಕ್ಕೆ ನೂರು ಒಪ್ಪಿದೆ. ಇದನ್ನು ಇಲ್ಲಿನ ಬೇಟೆಗಾರರೂ ಬಾಯಿಬಿಟ್ಟು ಹೇಳುತ್ತಾರೆ. ಆದರೆ ರ‍್ಯಾಂಚಿನ ಬೇಲಿಯೊಳಗಿನ ಎಲ್ಕ್ ಎಣಿಸಿ ನನ್ನ ಕಣಿವೆಯಲ್ಲಿ ಎಲ್ಲ ಸರಿಯಿದೆ ಅನ್ನಬೇಡಿ.

ಈಗ ನೇರವಾಗಿ ಕೇಳುತ್ತೇನೆ ಕಾಡಂಚು ಸರ್. ನಿಮ್ಮ ಕೈಗೇ ಅಧಿಕಾರ ಕೊಟ್ಟರೆ ಏನು ಮಾಡುತ್ತೀರಿ?

ಕಾಡಂಚು
ಹೇಳುತ್ತೇನೆ.

ರಾಜ್ಯದ ಲೆಕ್ಕ ಬಿಟ್ಟು ವಲಯದ ಲೆಕ್ಕ ಹಿಡಿಯುತ್ತೇನೆ. ಚಳಿಗಾಲದ ಕೊನೆಗೆ ಪ್ರತಿ ನೂರು ಹೆಣ್ಣು ಎಲ್ಕ್‌ಗೆ ಎಷ್ಟು ಮರಿ ಉಳಿದಿವೆ ಅಂತ ವಿಮಾನದಿಂದ ಎಣಿಸುತ್ತಾರಲ್ಲ, ಅದೇ ಮೊದಲ ಸೂಚನೆ. ಮರಿ ಸಾಕಷ್ಟು ಉಳಿದೂ ಹಿಂಡು ಇಳಿಯುತ್ತಿದ್ದರೆ, ದೊಡ್ಡ ಹೆಣ್ಣುಗಳು ಸಾಯುತ್ತಿವೆ ಅಂತ ಅರ್ಥ. ಆಗ ಮೊದಲು ನಿಲ್ಲಬೇಕಾದ್ದು ನಮ್ಮ ಹೆಣ್ಣು ಎಲ್ಕ್ ಪರ್ಮಿಟ್. ಗಾರ್ಡಿನರ್‌ನಲ್ಲಿ ಅದನ್ನು ಕಡಿಮೆ ಮಾಡಲು ತಡ ಮಾಡಿದರು. ಮರಿಗಳೇ ಉಳಿಯುತ್ತಿಲ್ಲ ಅಂದರೆ ರೇಡಿಯೋ ಕಟ್ಟಿ ಕೊಂದವರು ಯಾರು ಅಂತ ನೋಡಬೇಕು. ಒಂದೇ ಬೇಸಿಗೆಯಲ್ಲಿ ಒಂದು ಅಂದಾಜು ಸಿಗುತ್ತದೆ, ನಾಲ್ಕು ವರ್ಷ ಕಾಯಬೇಕಿಲ್ಲ.

ತೋಳವೇ ಕಾರಣ ಅಂತಾದರೆ ಆ ವಲಯದಲ್ಲಿ ಬೇಟೆ ತೆರೆಯಲಿ, ನನ್ನ ತಕರಾರಿಲ್ಲ. ಆದರೆ ಅಲ್ಲೊಂದು ಇಲ್ಲೊಂದು ಹೊಡೆದರೆ ಎಲ್ಕ್‌ಗೆ ಪ್ರಯೋಜನ ಆಗುವುದಿಲ್ಲ. ತೋಳ ಬೇಗ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಕಾಲು ಭಾಗದಷ್ಟು ಹೋದರೂ ಒಟ್ಟು ಸಂಖ್ಯೆ ಹೆಚ್ಚು ಅಲುಗದೆ ಇರಬಲ್ಲದು. ಹಾಗಾಗಿ ಬೇಕಾದ ಕಡೆ, ಬೇಕಾದಷ್ಟು, ಕೆಲವು ವರ್ಷದ ಮಟ್ಟಿಗೆ. ಜೊತೆಗೆ ಮೇವಿಗಾಗಿ ಕಾಡಿನಲ್ಲಿ ಅಳತೆಯ ಬೆಂಕಿ, ಅಂದರೆ ಹತೋಟಿಯಲ್ಲಿಟ್ಟು ನಾವೇ ಹಚ್ಚುವ ಬೆಂಕಿ. ಗುರಿ ಮುಟ್ಟಿತೋ ಇಲ್ಲವೋ ಅಂತ ಎಣಿಸಿ, ಫಲವಿಲ್ಲದಿದ್ದರೆ ನಿಲ್ಲಿಸಬೇಕು. ಏಪ್ರಿಲ್‌ನಲ್ಲಿ ತೋಳ ಮರಿ ಹಾಕುತ್ತದೆ. ವಸಂತ, ಬೇಸಿಗೆಯಲ್ಲಿ ಬೇಟೆ ಬೇಡ.

ಉದ್ಯಾನದ ಗಡಿಗೆ ಬೇರೆ ನಿಯಮ ಬೇಕು. ಯೆಲ್ಲೋಸ್ಟೋನ್‌ನ ಉತ್ತರದ ಎರಡು ವಲಯಗಳಲ್ಲಿ ಮೊದಲು ತಲಾ ಒಂದೇ ತೋಳ ಹೊಡೆಯಬಹುದಿತ್ತು. 2021ರಲ್ಲಿ ಮೊಂಟಾನಾ ಆ ಮಿತಿ ತೆಗೆಯಿತು. ಆ ಚಳಿಗಾಲ ಉದ್ಯಾನದ 25 ತೋಳಗಳು ಗಡಿ ದಾಟಿದಾಗ ಸತ್ತವು. ಮನುಷ್ಯರನ್ನು ನೋಡಿ ಓಡಬೇಕು ಅಂತಲೇ ಗೊತ್ತಿಲ್ಲದ ತೋಳಗಳು ಅವು. ದೂರದಿಂದ ಜನ ದುರ್ಬೀನು ಹಿಡಿದು ದಿನಗಟ್ಟಲೆ ನೋಡುತ್ತಿದ್ದಂಥವು. ಅಲ್ಲಿ ಹೊಡೆದದ್ದರಿಂದ ಲೋಲೋದ ಒಂದು ಎಲ್ಕ್ ಮರಿಗೂ ಲಾಭವಾಗಲಿಲ್ಲ.

ಹೆಜ್ಜೆಗುರುತು
ಬೆಂಕಿಯ ಮಾತಿಗೆ ನನ್ನ ಬೆಂಬಲ. ಆದರೆ ಲೋಲೋದಂಥ ಕಡಿದಾದ ಜಾಗದಲ್ಲಿ ಅಳತೆಯ ಬೆಂಕಿ ಹಾಕುವುದಕ್ಕೆ ಹವಾಮಾನ ಒದಗಿಬರುವ ದಿನಗಳೇ ಕಡಿಮೆ. ಕೆಲವು ಕಡೆ ಸಿಡಿಲಿನ ಬೆಂಕಿಯನ್ನು ಆರಿಸದೆ ಕಾವಲಿದ್ದು ಉರಿಯಲು ಬಿಡುವುದೇ ದಾರಿ.

ಬಾಯ್ಸಿವಾಸಿ
ವಲಯವಾರು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ವೇಗದ ಬಗ್ಗೆ ಇಲ್ಲ. ಕುಸಿದ ವಲಯದಲ್ಲಿ ಎಣಿಕೆ ನಡೆಯುವಾಗಲೇ ಬೇಟೆಯೂ ನಡೆಯಬೇಕು ಅನ್ನುವವನು ನಾನು.

ಇನ್ನೊಂದು ಮಾತು, ಇಲ್ಲಿ ಯಾರೂ ಎತ್ತಿಲ್ಲ. ರೈಫಲ್ ಹಿಡಿದು ತೋಳ ಹೊಡೆಯುವುದು ಬಹಳ ಕಷ್ಟ. ಎಲ್ಕ್ ಬೇಟೆಗೆ ಹೋಗುವ ಎಷ್ಟೋ ಜನ ಜೇಬಿನಲ್ಲಿ ತೋಳದ ಟ್ಯಾಗ್ ಇಟ್ಟುಕೊಂಡಿರುತ್ತಾರೆ, ಋತುವಿಡೀ ಒಂದನ್ನೂ ಕಾಣದೆ ವಾಪಸ್ ಬರುತ್ತಾರೆ. ಹಾಗಾಗಿ ದೂರದ ಕಾಡಿನಲ್ಲಿ ತೋಳ ಕಡಿಮೆಯಾಗಬೇಕು ಅಂದರೆ ಟ್ರ್ಯಾಪ್, ಉರುಲು ಬೇಕೇ ಬೇಕು. ಅದಕ್ಕೆ ಏನನ್ನುತ್ತೀರಿ?

ನೀಲಿಕಣಿವೆ
ಉರುಲಿಗೆ ಬಿದ್ದದ್ದು ತೋಳವೋ, ಯಾರದೋ ನಾಯಿಯೋ, ಲಿಂಕ್ಸ್ ಅನ್ನುವ ಕಾಡುಬೆಕ್ಕೋ ಅಂತ ಉರುಲಿಗೆ ಗೊತ್ತಿರುವುದಿಲ್ಲ. ನನ್ನ ಉತ್ತರ ಬೇಡ ಅಂತಲೇ.

ಕಾಡಂಚು
ನನ್ನದು ಇಬ್ಬರ ನಡುವೆ ಇದೆ. ಕುತ್ತಿಗೆಯ ಉರುಲು ಬೇಡ. ಕಾಲು ಹಿಡಿಯುವ ಟ್ರ್ಯಾಪ್‌ಗಾದರೆ ಕಠಿಣ ನಿಯಮದೊಂದಿಗೆ ಒಪ್ಪಬಹುದು. ಐಡಾಹೊದಲ್ಲಿ 72 ಗಂಟೆಗೊಮ್ಮೆ ಟ್ರ್ಯಾಪ್ ನೋಡಿದರೆ ಸಾಕು ಅನ್ನುವ ನಿಯಮವಿದೆ. ಮೂರು ದಿನ ಕಾಲು ಸಿಕ್ಕಿಸಿಕೊಂಡು ಹಿಮದಲ್ಲಿ ನಿಂತಿರುವುದು ಯಾವ ಪ್ರಾಣಿಗೂ ಆಗಬಾರದು. ದಿನಕ್ಕೊಮ್ಮೆ ನೋಡಲೇಬೇಕು ಅಂತ ಮಾಡಲಿ. ಹೊತ್ತಿಗೆ ಸರಿಯಾಗಿ ಹೋದರೆ ಬೇರೆ ಪ್ರಾಣಿ ಬಿದ್ದಿದ್ದರೂ ಬಿಡಿಸಬಹುದು. ಅಷ್ಟು ದೂರ ದಿನಾ ಹೋಗಲಾಗುವುದಿಲ್ಲ ಅನ್ನುವವರು ಅಲ್ಲಿ ಟ್ರ್ಯಾಪ್ ಇಡಬಾರದು.

ಬಾಯ್ಸಿವಾಸಿ
ದಿನಕ್ಕೊಮ್ಮೆ ಅಂದರೆ ಲೋಲೋದ ಒಳಭಾಗದಲ್ಲಿ ಯಾರಿಗೂ ಆಗದು, ಸ್ನೋಮೊಬೈಲ್ ಇದ್ದರೂ. 48 ಗಂಟೆ ಆದರೆ ನಾನು ಬೆಂಬಲಿಸುತ್ತೇನೆ. ಮುಂದಿನ ಸಲ ಇಲಾಖೆ ನಿಯಮಗಳ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಅದನ್ನೇ ಬರೆದು ಕೊಡುತ್ತೇನೆ. ಗಾರ್ಡಿನರ್‌ನ ವಯಸ್ಸಿನ ಲೆಕ್ಕವನ್ನೂ ಜೊತೆಗೆ ಹಾಕುತ್ತೇನೆ, ಹೆಣ್ಣು ಎಲ್ಕ್ ಟ್ಯಾಗ್ ಕಡಿಮೆ ಮಾಡಿ ಅಂತ ಕೇಳಲು ಅದು ಬೇಕು.